ದೇವರನ್ನ ಪ್ರಶ್ನೆ ಮಾಡಿದ್ರೆ ನಂಬಿಕೆ ಕಮ್ಮಿ ಅಂತಾನಾ?

ತೀರ್ಥಹಳ್ಳಿ ಟೀಚರ್
ಎಲ್ರಿಗೂ ನಮಸ್ಕಾರ. ನಾನು ನಮ್ಮ ಚರ್ಚಲ್ಲಿ ಭಾನುವಾರ ಪೂಜೆ ಮುಗಿದ್ಮೇಲೆ ಹೈಸ್ಕೂಲ್ ಮಕ್ಕಳಿಗೆ ಧರ್ಮೋಪದೇಶ ಹೇಳ್ಕೊಡ್ತೀನಿ. ಹೋದ ವಾರ ಒಬ್ಬ ಹುಡುಗ ಎದ್ದು ನಿಂತ್ಕೊಂಡು, ಟೀಚರ್ ನಮ್ ಅಡಿಕೆ ತೋಟಕ್ಕೆ ಎಲೆಚುಕ್ಕೆ ರೋಗ ಬಂದು ಮೂರು ವರ್ಷ ಆಯ್ತು, ಅಪ್ಪ ಔಷಧಿ ಹೊಡ್ಸಿ ಹೊಡ್ಸಿ ಸೊಸೈಟಿ ಸಾಲ ಏರ್ತಾ ಇದೆ, ಅಮ್ಮ ಒಂದು ನೊವೇನಾನೂ (ಒಂಬತ್ತು ದಿನದ ಪ್ರಾರ್ಥನೆ) ತಪ್ಸಿಲ್ಲ, ದೇವ್ರು ಕೇಳಿಸ್ಕೊಳ್ತಾನೆ ಅಂತ ನೀವು ಹೆಂಗೆ ಹೇಳ್ತೀರಿ, ನಾವೇನಾದ್ರೂ ಪಾಪ ಮಾಡಿದೀವಾ ಅಂತ ಕೇಳ್ದ. ನಾನು ಬಾಯಿ ತೆಗೆಯೋದ್ರೊಳಗೆ ಅಲ್ಲೇ ಇದ್ದ ಹಿರಿಯರೊಬ್ರು, ಇಂಥ ಸಂಶಯ ಎಲ್ಲ ಸೈತಾನಂದು, ಹೋಗಿ ಫಾದರ್ ಹತ್ರ ಪಾಪನಿವೇದನೆ ಮಾಡು ಅಂದ್ಬಿಟ್ರು. ಹುಡುಗ ಕೂತ್ಕೊಂಡ, ಕ್ಲಾಸ್ ಮುಗಿಯೋ ತನಕ ಬೆಂಚಿನ ಮೇಲೆ ಉಗುರಲ್ಲಿ ಗೀಚ್ತಾ ಇದ್ದ.

ನಿಜವಾಗ್ಲೂ ಸಂಶಯ ಪಾಪಾನಾ? ಅವನಿಗೆ ಎಂತ ಹೇಳ್ಲಿ? ದಯವಿಟ್ಟು "ಸುಮ್ನೆ ನಂಬಿ ಸಾಕು" ಅನ್ನೋರು ಉತ್ತರ ಕೊಡೋದು ಬೇಡ.

ಸಾಗರ್_ಕಡೆಯವ
ಸೈತಾನಂದು ಅಂತಾದ್ರೆ ಬೈಬಲ್ಲಲ್ಲಿ ಎಷ್ಟೋ ಪುಟ ಹರ್ದು ಹಾಕ್ಬೇಕಾಗುತ್ತೆ ಮಾರಾಯ್ರೆ. ಬೈಬಲ್ಲಿನ ಪ್ರಾರ್ಥನೆ ಹಾಡುಗಳಲ್ಲಿ 13ನೇ ಕೀರ್ತನೆ ಶುರುವಾಗೋದೇ ಇನ್ನೆಷ್ಟು ದಿನ ನನ್ನ ಮರ್ತಿರ್ತೀಯ ಅಂತ ದೇವರನ್ನೇ ಕೇಳೋದ್ರಿಂದ. 88 ಓದಿ ನೋಡಿ, ಬೇರೆ ಕೀರ್ತನೆಗಳಲ್ಲಿ ಅತ್ತು ಕರ್ದು ಕೊನೆಗೆ ಒಂದು ಸ್ತೋತ್ರ ಆದ್ರೂ ಬರುತ್ತೆ, ಇದ್ರಲ್ಲಿ ಅದೂ ಇಲ್ಲ, ಕತ್ಲಲ್ಲೇ ಮುಗಿಯುತ್ತೆ. ಅದನ್ನೂ ಪ್ರಾರ್ಥನೆ ಅಂತಾನೇ ಇಟ್ಕೊಂಡಿದಾರಲ್ಲ.

ಇನ್ನು ಬೈಬಲ್ಲಿನ ಯೋಬ, ತಪ್ಪು ಮಾಡ್ದೇನೇ ಆಸ್ತಿ ಮಕ್ಕಳು ಎಲ್ಲಾ ಕಳ್ಕೊಂಡೋನು. ನೀನು ಪಾಪ ಮಾಡಿರ್ಬೇಕು ಅದಕ್ಕೇ ಹಿಂಗಾಗಿದೆ ಅಂತ ಸ್ನೇಹಿತರು ಅಧ್ಯಾಯಗಟ್ಲೆ ಬುದ್ಧಿ ಹೇಳ್ತಾರೆ, ಯೋಬ ಮಾತ್ರ ದೇವರ ಹತ್ರಾನೇ ಜಗಳಕ್ಕೆ ನಿಲ್ತಾನೆ. ಕೊನೆಗೆ 42:7ರಲ್ಲಿ (42ನೇ ಅಧ್ಯಾಯ, 7ನೇ ವಚನ) ದೇವರು ಸಿಟ್ಟಾಗೋದು ಯಾರ ಮೇಲೆ? ಬುದ್ಧಿ ಹೇಳಿದವರ ಮೇಲೆ! ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದ್ದು ಯೋಬ, ನೀವಲ್ಲ ಅಂತಾನೆ. ನಿಮ್ಮ ಹಿರಿಯರಿಗೆ ಇದನ್ನ ಓದ್ಸಿ 😄

ಭದ್ರಾವತಿ ಬ್ರದರ್
ಟೀಚರಮ್ಮ, ಹುಡುಗನಿಗೆ ಬೈದಿದ್ದು ತಪ್ಪೇ. ಆದ್ರೆ ಈಗ ಇನ್ನೊಂದು ಫ್ಯಾಶನ್ ಬಂದಿದೆ, ಸಂಶಯ ಪಡೋದೇ ದೊಡ್ಡ ಭಕ್ತಿ ಅನ್ನೋ ತರ ಮಾತಾಡೋದು, ಅದೂ ನಂಗೆ ಸರಿ ಕಾಣಲ್ಲ. ಬೈಬಲ್ಲಲ್ಲಿರೋ ಯಾಕೋಬನ ಪತ್ರಿಕೆ (ಪತ್ರ) 1:6 ಸಂದೇಹ ಪಡೋನು ಗಾಳಿಗೆ ಬಡ್ಕೊಳ್ಳೋ ಸಮುದ್ರದ ತೆರೆ ತರ ಅನ್ನುತ್ತೆ. ಲೂಕನ ಶುಭಸಂದೇಶ (ಯೇಸುವಿನ ಕತೆ ಹೇಳೋ ಬೈಬಲ್ ಪುಸ್ತಕ) 1ರಲ್ಲಿ ಜಕರೀಯ ಅನ್ನೋ ಯಾಜಕ, ನಿಂಗೆ ಮಗ ಹುಟ್ತಾನೆ ಅಂದ ದೇವದೂತನ ಹತ್ರ, ಇದು ನಂಗೆ ಗೊತ್ತಾಗೋದು ಹೆಂಗೆ, ನಾನು ಮುದುಕ ಅಂದಿದ್ದಕ್ಕೆ ಮಾತೇ ನಿಂತೋಯ್ತು. ಅದೇ ಅಧ್ಯಾಯದಲ್ಲಿ ಯೇಸುವಿನ ತಾಯಿ ಮರಿಯಳೂ, ಗರ್ಭಿಣಿ ಆಗ್ತೀಯ ಅಂದಾಗ, ಇದು ಹೇಗಾಗುತ್ತೆ ಅಂತ ಕೇಳ್ತಾಳೆ, ಅವಳಿಗೆ ಸಮಾಧಾನದ ಉತ್ತರ ಸಿಕ್ತು. ತಿಳ್ಕೊಳ್ಳೋಕೆ ಕೇಳೋದು ಬೇರೆ, ಪ್ರೂಫ್ ಕೊಡು ಆಮೇಲೆ ನೋಡೋಣ ಅನ್ನೋದು ಬೇರೆ ಅಲ್ವಾ.

ಕಾಫಿತೋಟದ ಅಕ್ಕ
ಬ್ರದರ್ ಹೇಳಿದ್ದು ಕೇಳೋಕೆ ಚೆನ್ನಾಗಿದೆ ಆದ್ರೆ ಪೂರ್ತಿ ನಿಲ್ಲಲ್ಲ. ಯೇಸುವಿನ ಶಿಷ್ಯ ತೋಮ ಕೇಳಿದ್ದೂ ಪ್ರೂಫೇ, ಯೇಸು ಸತ್ತು ಎದ್ದು ಬಂದ್ರು ಅಂದಾಗ ಗಾಯದಲ್ಲಿ ಬೆರಳಿಟ್ಟು ನೋಡದೆ ನಂಬಲ್ಲ ಅಂತ ಖಡಕ್ಕಾಗಿ ಹೇಳ್ದ, ಯೇಸು ಎಂಟು ದಿನ ಬಿಟ್ಟು ಬಂದು ಬೆರಳಿಡು ಅಂದ್ರು, ಅಟ್ಟಲಿಲ್ಲ. (ಅವನು ಬೆರಳಿಟ್ಟ ಅಂತ ಶುಭಸಂದೇಶದಲ್ಲಿ ಎಲ್ಲೂ ಇಲ್ಲ ಗೊತ್ತಾ, ಚಿತ್ರ ನೋಡಿ ನೋಡಿ ನಾವು ಹಂಗೆ ಅಂದ್ಕೊಂಡಿರೋದು.) ನೋಡದೆ ನಂಬಿದವರು ಧನ್ಯರು ಅಂತ ಒಂದು ಮಾತು ಹೇಳಿದ್ರು ನಿಜ, ಆದ್ರೆ ಅದು ತೋರ್ಸಿದ್ಮೇಲೆ. ಬೈಬಲ್ಲಿನ ಸೇನಾನಿ ಗಿದ್ಯೋನ ಅಂತೂ ಯುದ್ಧಕ್ಕೆ ಮುಂಚೆ ಉಣ್ಣೆ ಹಾಸಿ ದೇವರನ್ನೇ ಎರಡು ಸಲ ಟೆಸ್ಟ್ ಮಾಡ್ದ, ದೇವರು ಎರಡು ಸಲಾನೂ ಒಪ್ಕೊಂಡ.

ಜಕರೀಯನ ಕತೇನೂ ಅಲ್ಲಿಗೇ ನಿಲ್ಸಬೇಡಿ. ಮಗು ಹುಟ್ಟಿ ಹೆಸರಿಡೋ ದಿನ ಹಲಗೆ ಮೇಲೆ ಯೊವಾನ್ನ ಅಂತ ಬರೆದ ತಕ್ಷಣ ಮಾತು ಬಂತು, ಆಗ ಅವನು ಹಾಡಿದ ಸ್ತೋತ್ರಾನ ಇವತ್ತಿಗೂ ಫಾದರ್‌ಗಳು ಸಿಸ್ಟರ್‌ಗಳು ದಿನಾ ಬೆಳಗಿನ ಪ್ರಾರ್ಥನೇಲಿ ಹೇಳ್ತಾರೆ. ಯಾಕೋಬ 1:6ಕ್ಕೆ ಮುಂಚೆ 5 ಇದೆ, ಜ್ಞಾನ ಬೇಕಾದ್ರೆ ದೇವರನ್ನ ಕೇಳ್ಕೊಳ್ಳಿ, ಅವನು ಯಾರನ್ನೂ ಹಂಗಿಸದೆ ಕೊಡ್ತಾನೆ ಅಂತ. ಯೂದನ ಪತ್ರಿಕೆ 22ನೇ ವಚನ ಸಂಶಯಪಡೋರಿಗೆ ಕನಿಕರ ತೋರ್ಸಿ ಅನ್ನುತ್ತೆ. ನಮ್ಮಲ್ಲಿ ಕನಿಕರಕ್ಕಿಂತ ಹಂಗಿಸೋದೇ ಜಾಸ್ತಿ ಆಗಿದೆ.

ಭದ್ರಾವತಿ ಬ್ರದರ್
ಗಿದ್ಯೋನನ ವಿಷಯ ಒಪ್ಪಿದೆ ಅಕ್ಕ. ಆದ್ರೂ ಗಿದ್ಯೋನ ಆಮೇಲೆ ಎದ್ದು ಯುದ್ಧಕ್ಕೆ ಹೋದ. ನಾನು ಹೇಳ್ತಿರೋದು ಉತ್ತರ ಸಿಕ್ರೂ ಜಾಗ ಬಿಟ್ಟು ಏಳದೇ ಇರೋರ ಬಗ್ಗೆ.

ಅಡಿಕೆ ಮಂಡಿ
ಆ ಹುಡುಗ ಕೇಳಿದ ಎರಡನೇ ಪ್ರಶ್ನೆ ಯಾರೂ ಮುಟ್ಟಿಲ್ಲ. ಎಲೆಚುಕ್ಕೆ ಬರೋದು ಶಿಲೀಂಧ್ರದಿಂದ, ಮಳೆ ಹಿಡ್ಕೊಂಡು ತೇವ ಜಾಸ್ತಿ ಇದ್ರೆ ತೋಟದಿಂದ ತೋಟಕ್ಕೆ ಹರಡುತ್ತೆ, ಭಕ್ತರ ತೋಟ ನಾಸ್ತಿಕರ ತೋಟ ಅಂತ ನೋಡಲ್ಲ. ನಿಮ್ಮ ಮನೆಯವರ ಪಾಪಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಮೊದ್ಲು ಹೇಳಿ ಟೀಚರ್. ಯೊವಾನ್ನನ ಶುಭಸಂದೇಶ 9ರಲ್ಲಿ ಹುಟ್ಟುಕುರುಡನ್ನ ನೋಡಿ ಪಾಪ ಮಾಡಿದ್ದು ಇವನಾ ಇವನ ತಂದೆತಾಯಿಯಾ ಅಂದಾಗ ಯೇಸು ಇಬ್ರೂ ಅಲ್ಲ ಅಂದಿಲ್ವಾ. ದೇವ್ರು ಯಾಕೆ ತಡೀಲಿಲ್ಲ ಅಂದ್ರೆ ಅದಕ್ಕೆ ನನ್ ಹತ್ರ ಉತ್ತರ ಇಲ್ಲ, ನಮ್ದೂ ಅರ್ಧ ಎಕರೆ ಹೋಗಿದೆ.

ಹಳೇ ಸೆಮಿನೇರಿಯನ್
1992ರ ಕ್ಯಾಟಿಕಿಸಂ, ಅಂದ್ರೆ ಕಥೋಲಿಕ ಚರ್ಚಿನ ಅಧಿಕೃತ ಬೋಧನೆಯ ಪುಸ್ತಕ, ಅದರ 2088ನೇ ಅಂಕಣ ಸಂಶಯಾನ ಎರಡು ಮಾಡುತ್ತೆ. ಬೇಕಂತಲೇ ಸತ್ಯವನ್ನ ತಳ್ಳಿಹಾಕೋದು ಒಂದು, ತಾನಾಗೇ ಬರೋ ಅಳುಕು, ಅರ್ಥ ಆಗ್ದೆ ಇರೋ ಕಳವಳ ಇನ್ನೊಂದು. ಬೇಕಂತಲೇ ಬೆಳೆಸ್ಕೊಂಡ್ರೆ ಕುರುಡಾಗ್ತೀರಿ ಅಂತ ಎಚ್ಚರಿಕೇನೂ ಇದೆ, ಹಾಗಾಗಿ ಬ್ರದರ್ ಹೇಳಿದ್ರಲ್ಲೂ ಹುರುಳಿದೆ. ಆದ್ರೆ ಸಾಲ ಮಾಡಿರೋ ಅಪ್ಪನ ಮುಖ ನೋಡಿ ಹುಡುಗ ಕೇಳಿದ್ದು ಯಾವ ಜಾತಿ ಪ್ರಶ್ನೆ ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ಚರ್ಚಿನ ದೊಡ್ಡ ಪಂಡಿತ ಸಂತ ಥಾಮಸ್ ಅಕ್ವಿನಾಸ್ 13ನೇ ಶತಮಾನದಲ್ಲಿ ಬರೆದ ದೊಡ್ಡ ಗ್ರಂಥದಲ್ಲಿ ದೇವರು ಇದ್ದಾನಾ ಅನ್ನೋ ಪ್ರಶ್ನೆ ಎತ್ಕೊಂಡಾಗ್ಲೂ ಮೊದಲು ಬರೆದಿದ್ದು ಇಲ್ಲ ಅನ್ನೋರ ವಾದ, ಅದ್ರಲ್ಲೂ ಮೊದಲನೇದು ಲೋಕದಲ್ಲಿ ಇಷ್ಟು ಕೆಡುಕು ಯಾಕಿದೆ ಅನ್ನೋದೇ. ಮದರ್ ತೆರೇಸಾ ಪತ್ರಗಳು 2007ರಲ್ಲಿ ಹೊರಗೆ ಬಂದ್ವಲ್ಲ, ದೇವರು ಇದ್ದಾನೆ ಅಂತ ಅನ್ಸೋದೇ ಇಲ್ಲ, ಒಳಗೆಲ್ಲ ಕತ್ತಲೆ ಅಂತ ವರ್ಷಗಟ್ಟಲೆ ಬರ್ಕೊಂಡಿದಾರೆ, ಹಂಗಿದ್ದೂ ಕೆಲಸ ಬಿಟ್ಟಿಲ್ಲ. 2016ರಲ್ಲಿ ಸಂತರು ಅಂತ ಘೋಷಣೆ ಆಯ್ತು, ಆ ಪತ್ರಗಳು ಅಡ್ಡ ಬರ್ಲಿಲ್ಲ.

ಕ್ಯಾಟಿಕಿಸಂ ನಿಮ್ಮ ಫಾದರ್ ಹತ್ರ ಇದ್ದೇ ಇರುತ್ತೆ, ಈ ಭಾನುವಾರ ಇಸ್ಕೊಂಡು ಬನ್ನಿ, ಹಿರಿಯರನ್ನೂ ಕ್ಲಾಸಲ್ಲಿ ಕೂರ್ಸಿ, ಆ ಅಂಕಣ ಅವರ ಕೈಲೇ ಜೋರಾಗಿ ಓದ್ಸಿ.