ವಿಂಡೋಸ್ 10 ಬಿಟ್ಟು ಮಿಂಟ್‌ಗೆ ಹೋದರೆ ನುಡಿ ಫೈಲು, ಡಿಎಸ್‌ಸಿ ಟೋಕನ್ ಕಥೆ ಏನು?

ಕೀಲಿಮಣೆ:
ಆಫೀಸಿನ ಲ್ಯಾಪ್‌ಟಾಪ್ 7ನೇ ಜನರೇಶನ್ ಐ5, 8 ಜಿಬಿ ರ‍್ಯಾಮ್. ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಗಿರಾಕಿಗಳ ಪ್ಯಾನ್, ಬ್ಯಾಂಕ್ ವಿವರ ಎಲ್ಲ ಇದರಲ್ಲೇ ಇರೋದರಿಂದ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ, ಪಾಸ್‌ವರ್ಡ್ ಇಲ್ಲದೆ ಯಾರೂ ಓದದಂತೆ ಡಿಸ್ಕ್ ಎನ್‌ಕ್ರಿಪ್ಟ್ ಮಾಡೋ ಯೋಚನೆ. ಆದರೆ ಹಳೇ ಕಾಗದಪತ್ರ ಪೂರ್ತಿ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫಾಂಟಿನಲ್ಲಿವೆ, ನನ್ನ ಜಿಎಸ್‌ಟಿ ಕೆಲಸಕ್ಕೆ ಡಿಎಸ್‌ಸಿ (ಡಿಜಿಟಲ್ ಸಹಿ) ಇರೋ ಯುಎಸ್‌ಬಿ ಟೋಕನ್ ಬೇಕೇ ಬೇಕು. ಏನು ಮಾಡಬಹುದು?

ಕಪ್ಪುಪರದೆ:
ಟೋಕನ್‌ಗಾಗಿ ವಿಂಡೋಸ್, ಉಳಿದದ್ದಕ್ಕೆ ಮಿಂಟ್, ಎರಡೂ ಇಟ್ಟುಕೊಳ್ಳಿ, ಒಂದೇ ಡಿಸ್ಕಿನಲ್ಲಿ ಮಾತ್ರ ಬೇಡ. ಮಿಂಟ್ ಇನ್‌ಸ್ಟಾಲರ್‌ನಲ್ಲಿ ಎನ್‌ಕ್ರಿಪ್ಶನ್ ಸುಲಭವಾಗಿ ಸಿಗೋದು ಡಿಸ್ಕ್ ಪೂರ್ತಿ ಅಳಿಸೋ ಆಯ್ಕೆಯಲ್ಲಿ. ವಿಂಡೋಸ್ ಪಕ್ಕದಲ್ಲಿ ಹಾಕ್ತೀನಿ ಅಂದರೆ ಸಿಗಲ್ಲ. ಇನ್ನೊಂದು 256 ಜಿಬಿ ಎಸ್‌ಎಸ್‌ಡಿಗೆ ಜಾಗ ಇದೆಯಾ ನೋಡಿ. ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ಡಿಸ್ಕ್ ಬಿಚ್ಚಿಡಿ. ಇಲ್ಲದಿದ್ದರೆ ಮಿಂಟನ್ನು ಶುರು ಮಾಡೋ ಬೂಟ್‌ಲೋಡರ್ ಹೋಗಿ ಅದರ ಇಎಫ್‌ಐ (ಬೂಟ್ ಫೈಲುಗಳ) ಪಾರ್ಟಿಶನ್‌ನಲ್ಲಿ ಕೂರಬಹುದು, ಆಮೇಲೆ ಆ ಡಿಸ್ಕ್ ತೆಗೆದ ದಿನ ಮಿಂಟ್ ಏಳಲ್ಲ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪಾರ್ಟಿಶನ್ ಮಿಂಟ್‌ನಲ್ಲಿ ಓದೋಕಷ್ಟೇ ಸಿಗುತ್ತೆ, ಬರೆಯೋಕಾಗಲ್ಲ.

ಮಿಂಟ್‌ನ ಡಿಸ್ಕ್ ಪಾಸ್‌ವರ್ಡ್ ಮರೆತರೆ ಡೇಟಾ ಹೋಯ್ತು ಅಂತಲೇ ಲೆಕ್ಕ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಡಿವೈಸ್ ಎನ್‌ಕ್ರಿಪ್ಶನ್ ಆಗಿದ್ದರೆ ರಿಕವರಿ ಕೀ ಅವರ ಸರ್ವರ್‌ನಲ್ಲಿರುತ್ತೆ. ಮರೆಯೋರಿಗೆ ಅದೇ ದೇವರು, ಗುಟ್ಟು ಕಾಯೋರಿಗೆ ಅದೇ ತೂತು.

ಅರ್ಕಾವೊತ್ತು:
ಕನ್ನಡ ಟೈಪಿಂಗ್ ತೊಂದರೆಯಿಲ್ಲ: ಐಬಸ್-ಎಂ17ಎನ್ (ಲಿನಕ್ಸ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಿಸೋ ತಂತ್ರಾಂಶ) ಹಾಕಿ, ಕನ್ನಡದ ಕೆಳಗೆ ಕೆಜಿಪಿ ಅನ್ನೋ ಕೀಬೋರ್ಡ್ ವಿನ್ಯಾಸ ಆರಿಸಿ. ಬೆರಳಿಗೆ ನುಡಿಯದೇ ವಿನ್ಯಾಸ.

ಕಷ್ಟ ಇರೋದು ಹಳೇ ಫೈಲುಗಳಲ್ಲಿ. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿವೆ, ಫಾಂಟ್ ಇಲ್ಲದಿದ್ದರೆ ಬರೀ ಗೀಚು ಕಾಣುತ್ತೆ. ಓದೋಕೆ, ಪ್ರಿಂಟ್ ಹಾಕೋಕೆ ನುಡಿಯ ಟಿಟಿಎಫ್ (ಫಾಂಟ್ ಫೈಲು) ಇನ್‌ಸ್ಟಾಲ್ ಮಾಡಿದರೆ ಸಾಕು. ತಿದ್ದಬೇಕಾದವನ್ನು ಯೂನಿಕೋಡ್‌ಗೆ (ಕನ್ನಡ ಅಕ್ಷರಕ್ಕೆ ಅದರದ್ದೇ ಜಾಗ ಇರೋ ಎನ್‌ಕೋಡಿಂಗ್) ಬದಲಿಸಿ, ‘ಅರ್ಜಿ’, ‘ಕಾರ್ಯ’ದಂಥ ಪದ ಹುಡುಕಿ ನೋಡಿ, ಹಳೇ ಎನ್‌ಕೋಡಿಂಗ್‌ನಲ್ಲಿ ಅರ್ಕಾವೊತ್ತು ವ್ಯಂಜನದ ಆಮೇಲೆ ಬರೋದರಿಂದ ಎಡವಟ್ಟಾಗೋದು ಅಲ್ಲೇ. ಗಿರಾಕಿಗಳ ಪತ್ರವನ್ನು ಯಾವುದೋ ವೆಬ್‌ಸೈಟಿನ ಕನ್ವರ್ಟರ್‌ಗೆ ಸುರಿದರೆ ಮಿಂಟ್ ಹಾಕಿ ಏನು ಬಂತು? ಪೇಜ್ ತೆರೆದು, ನೆಟ್ ಕಟ್ ಮಾಡಿ, ಮೊದಲು ಸುಮ್ಮನೆ ಒಂದು ಸಾಲು ಹಾಕಿ ನೋಡಿ. ಆಗಲೂ ಬದಲಾದರೆ ಕೆಲಸ ನಿಮ್ಮ ಮಷೀನ್‌ನಲ್ಲೇ ನಡೀತಿದೆ.

ಸಾಕಪ್ಪಸಾಕು:
ವಿಂಡೋಸ್ 10ರಲ್ಲೇ ಇರ್ತೀನಿ ಅನ್ನೋರಿಗೆ ಇಎಸ್‌ಯು (ಸಪೋರ್ಟ್ ಮುಗಿದ ಮೇಲೂ ಸಿಗೋ ಸೆಕ್ಯುರಿಟಿ ಅಪ್‌ಡೇಟ್) ಇದೆ, 2026ರ ಅಕ್ಟೋಬರ್ 13ರವರೆಗೆ. ದುಡ್ಡಿಲ್ಲದೆ ಬೇಕಾದರೆ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸೈನ್ ಇನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡೋದು ಒಂದು ದಾರಿ. ಅಂದರೆ ದುಡ್ಡಿನ ಬದಲು ಪ್ರೈವಸಿ ಕೊಟ್ಟ ಹಾಗೆ. ಹೋಮ್, ಪ್ರೊ ಎರಡರಲ್ಲೂ ಮೈಕ್ರೋಸಾಫ್ಟ್‌ಗೆ ಹೋಗೋ ಐಚ್ಛಿಕ ಡಯಾಗ್ನೋಸ್ಟಿಕ್ ಡೇಟಾ (ಮಷೀನ್ ಬಳಕೆಯ ಮಾಹಿತಿ) ಆಫ್ ಮಾಡಬಹುದು, ‘ರಿಕ್ವೈರ್ಡ್’ ಅನ್ನೋದು ಹೋಗ್ತಾನೇ ಇರುತ್ತೆ. ಮಿಂಟ್‌ನಲ್ಲಿ ಆ ಗೋಜಿಲ್ಲ, ನಿಜ. ಅಲ್ಲೂ ಕ್ರೋಮ್ ಹಾಕಿ ಗೂಗಲ್ ಅಕೌಂಟಿನಿಂದ ಸಿಂಕ್ ಮಾಡಿದರೆ ಬ್ರೌಸಿಂಗ್ ಮಟ್ಟಿಗೆ ಇದ್ದಲ್ಲೇ ಇದ್ದೀರಿ.

ಕೀಲಿಮಣೆ:
ಎಲ್ಲರಿಗೂ ಥ್ಯಾಂಕ್ಸ್. ನನ್ನ ಟೋಕನ್ ಇಪಾಸ್ 2003 ಅನ್ನೋ ಮಾಡೆಲ್. ಡಿಸ್ಕ್ ಬದಲಿಸದೆ, ಮಿಂಟ್ ಒಳಗೇ ವರ್ಚುವಲ್ ಮಷೀನ್‌ನಲ್ಲಿ ವಿಂಡೋಸ್ ಹಾಕಿ ಟೋಕನ್ ನಡೆಸಬಹುದಾ?

ಕಪ್ಪುಪರದೆ:
ನಡೆಯುತ್ತೆ. ಮಿಂಟ್‌ನಲ್ಲಿ ವರ್ಚುವಲ್‌ಬಾಕ್ಸ್ (ವರ್ಚುವಲ್ ಮಷೀನ್ ನಡೆಸೋ ತಂತ್ರಾಂಶ) ಹಾಕಿ, ನಿಮ್ಮ ಯೂಸರನ್ನು ‘ವಿಬಾಕ್ಸ್‌ಯೂಸರ್ಸ್’ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಬನ್ನಿ. ಇದೊಂದು ಬಿಟ್ಟರೆ ಯುಎಸ್‌ಬಿ ಪಟ್ಟಿ ಖಾಲಿ ಕಾಣುತ್ತೆ, ಜನ ಟೋಕನ್ನೇ ಕೆಟ್ಟಿದೆ ಅಂದ್ಕೋತಾರೆ. ಆಮೇಲೆ ಯುಎಸ್‌ಬಿ ಫಿಲ್ಟರ್‌ನಲ್ಲಿ ಟೋಕನ್ ಸೇರಿಸಿ. 8 ಜಿಬಿಯಲ್ಲಿ 4 ಅದಕ್ಕೇ ಕೊಟ್ಟರೆ ಎರಡೂ ತೆವಳುತ್ತವೆ, ರ‍್ಯಾಮ್ 16ಕ್ಕೆ ಏರಿಸಿ.