‘ದುರ್ಬಲ ಗುಣ’ಕ್ಕೆ ಬದಲು ಮಾತು ಬೇಕಿತ್ತು

ಗೆಳೆಯರೇ, ನಮಸ್ಕಾರ.

ಡೊಂಬಿವಲಿಯ ನಮ್ಮ ಕನ್ನಡ ಬಳಗದ ರಕ್ತದಾನ ಶಿಬಿರಕ್ಕೆ ಒಂದು ಕರಪತ್ರ ಬರೆಯುತ್ತಿದ್ದೇನೆ. ವಿಷಯ ಬಾಂಬೆ ಬ್ಲಡ್ ಗ್ರೂಪ್ ಎಂಬ ಅಪರೂಪದ ರಕ್ತದ ಗುಂಪು. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಜೊತೆಯವರು ಇದನ್ನು ಮೊದಲು ಗುರುತಿಸಿದ್ದು ಇಲ್ಲೇ ಮುಂಬಯಿಯಲ್ಲಿ, ಅದಕ್ಕೇ ಈ ಹೆಸರು. ಇದು ಬರುವುದು ಅಪ್ಪ ಅಮ್ಮ ಇಬ್ಬರ ಕಡೆಯಿಂದ.

ಶಾಲೆಯಲ್ಲಿ ನಾವು ಪ್ರಬಲ ಗುಣ (ಒಬ್ಬರಿಂದ ಬಂದರೂ ಕಾಣುವುದು), ದುರ್ಬಲ ಗುಣ (ಇಬ್ಬರಿಂದಲೂ ಬಂದರೆ ಮಾತ್ರ ಕಾಣುವುದು) ಅಂತ ಓದಿದ್ದೆವು ಅಲ್ವಾ? ಆ ‘ದುರ್ಬಲ’ ನನಗೆ ಒಗ್ಗುತ್ತಿಲ್ಲ. ‘ನಿಮ್ಮ ರಕ್ತದಲ್ಲಿ ದುರ್ಬಲ ಗುಣ ಇರಬಹುದು’ ಅಂದರೆ ಜನ ರಕ್ತಹೀನತೆ ಅಂದುಕೊಳ್ಳುತ್ತಾರೆ. ಮದುವೆಗೆ ಬಂದ ಹುಡುಗಿಯಾದರಂತೂ ಸುಮ್ನೆ ಮಾತು ಬೆಳೆಯುತ್ತದೆ.

ವಿಷಯ ಇಷ್ಟು. ಎ, ಬಿ ಗುರುತುಗಳು ಕೆಂಪು ಕಣದ ಮೇಲೆ ಕೂರಲು ಅಡಿಯಲ್ಲಿ ಹೆಚ್ ಅನ್ನುವ ವಸ್ತು ಬೇಕು. ಅದನ್ನು ಮಾಡಿಸುವ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಒಂದು ಸರಿಯಿದ್ದರೂ ಸಾಕು. ಎರಡೂ ಕೆಟ್ಟಿದ್ದರೆ ಹೆಚ್ ಇಲ್ಲ, ಒಳಗೆ ಎ ಜೀನ್ ಇದ್ದರೂ ಹೊರಗೆ ಕಾಣದು. ಪರೀಕ್ಷೆಯ ಹಲಗೆಯ ಮೇಲೆ ಎ ಗುರುತು ಹುಡುಕುವ ನೀಲಿ ಆಂಟಿ-ಎ, ಬಿ ಹುಡುಕುವ ಹಳದಿ ಆಂಟಿ-ಬಿ ದ್ರವದ ಹನಿ ಬೆರೆಸಿದರೆ ಎರಡು ಕಡೆಯೂ ರಕ್ತ ಗಂಟುಕಟ್ಟುವುದಿಲ್ಲ. (ಹೆಪ್ಪುಗಟ್ಟುವುದು ಬೇರೆ, ಇದು ಬೇರೆ. ಪತ್ರಿಕೆಗಳಲ್ಲಿ ಎರಡನ್ನೂ ಕಲಸಿಬಿಡುತ್ತಾರೆ.) ಅಷ್ಟಕ್ಕೇ ನಿಲ್ಲಿಸಿದರೆ ಚೀಟಿಯಲ್ಲಿ ‘ಓ’ ಅಂತ ಬೀಳುತ್ತದೆ. ಆದರೆ ಹೆಚ್ ಇಲ್ಲದ ಇವರಿಗೆ ಹೆಚ್ ಇರುವ ಓ ರಕ್ತ ಕೊಟ್ಟರೆ ಜೀವಕ್ಕೇ ಅಪಾಯ. ತಮ್ಮದೇ ಗುಂಪಿನ ರಕ್ತವೇ ಆಗಬೇಕು. ಇಂಥದ್ದಕ್ಕೆ ‘ದುರ್ಬಲ’ ಅನ್ನಲು ಮನಸ್ಸು ಬರುವುದಿಲ್ಲ.

ಇನ್ನೊಂದು ನೋಡಿ. ಅಪ್ಪ ಓ, ಅಮ್ಮ ಓ, ಮಗು ಎ ಅಂತ ಬಂದರೆ ಪಾಪ, ಬೆರಳು ತಿರುಗುವುದು ಅಮ್ಮನ ಕಡೆಗೆ. ಅಪ್ಪನದು ನಿಜಕ್ಕೂ ಬಾಂಬೆ ಗ್ರೂಪ್ ಆಗಿ, ಒಳಗೆ ಎ ಜೀನ್ ಇದ್ದರೆ ಹೀಗಾಗಬಹುದು. ಕರಪತ್ರದಲ್ಲಿ ಈ ಮಾತು ಎಲ್ಲಕ್ಕಿಂತ ಸ್ಪಷ್ಟವಾಗಿರಬೇಕು ಅನ್ನುವುದು ನನ್ನ ಹಟ.

ಬದಲು ಪದಗಳನ್ನು ಹುಡುಕಿದೆ. ‘ಸುಪ್ತ ಗುಣ’ ಅಂದರೆ ಮುಂದೆಂದೋ ಅದೇ ಮನುಷ್ಯನಲ್ಲಿ ಎದ್ದೇಳುತ್ತದೆ ಅನ್ನಿಸುತ್ತದೆ. ಮರಾಠಿಯ ‘ಅಪ್ರಭಾವಿ’ಯೂ ‘ದುರ್ಬಲ’ದ ತಮ್ಮನೇ. ‘ಮರೆಗುಣ’ ಕೇಳಲು ಚೆಂದ, ಆದರೆ ಎರಡು ಸೇರಿದಾಗ ಅದು ಮರೆಯಲ್ಲಿ ಉಳಿಯುವುದಿಲ್ಲ. ಸದ್ಯಕ್ಕೆ ‘ಜೋಡಿಗುಣ’ ಅಂತ ಇಟ್ಟುಕೊಂಡಿದ್ದೇನೆ. ಜೋಡಿಯಾದರೆ ಮಾತ್ರ ಕಾಣುವ ಗುಣ ಅಂತ ಅರ್ಥ. ಅಕ್ಕನ ಮಗಳು, ಸೋದರತ್ತೆಯ ಮಗ ಅಂತ ಒಳಸಂಬಂಧ ಮಾಡುವ ಮನೆಗಳಲ್ಲಿ ಇದು ಜೋಡಿಯಾಗುವ ಸಾಧ್ಯತೆ ಜಾಸ್ತಿ ಅಂತ ವಿವರಿಸಲೂ ಈ ಪದ ಅನುಕೂಲ.

ಒಂದು ತಲೆಮಾರು ಬಿಟ್ಟು ಕಾಣಿಸಿಕೊಳ್ಳುವ ಗುಣಕ್ಕೆ ಕರಾವಳಿಯಲ್ಲೋ ಕಲಬುರಗಿ ಕಡೆಯೋ ಮನೆಮಾತಿನ ಪದ ಇದೆಯೇ? ಇದ್ದರೆ ಈ ವಾಕ್ಯದಲ್ಲಿ ಕೂರಿಸಿ ತೋರಿಸಿ: ‘ಗಂಡ ಹೆಂಡತಿ ಇಬ್ಬರಲ್ಲೂ ಈ —— ಒಂದೊಂದು ಇದ್ದರೆ, ಪ್ರತಿ ಮಗುವಿಗೂ ಬಾಂಬೆ ಗ್ರೂಪ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.’