ಗಿರಾಕಿಯ ಕರಾರಿಗೆ ಸಹಿ ಹಾಕಿದರೆ ನಮ್ಮ ಷರತ್ತುಗಳ ಗತಿ ಏನು?

ಪ್ರಶ್ನೆ, ಗಂಗಾವತಿಯಿಂದ:
ನಮಸ್ಕಾರ ಸರ್. ನಮ್ಮದು ಸಣ್ಣ ಫ್ರೈಟ್ ಫಾರ್ವರ್ಡಿಂಗ್ ಆಫೀಸು. ಕಾರಟಗಿ, ಸಿಂಧನೂರು ಕಡೆಯ ಮಿಲ್‌ಗಳ ಅಕ್ಕಿಯನ್ನು ಚೆನ್ನೈ ಬಂದರಿನಿಂದ ಹೊರದೇಶಕ್ಕೆ ಕಳಿಸುತ್ತೇವೆ. 2024ರ ಸೆಪ್ಟೆಂಬರ್‌ನಲ್ಲಿ ಬಿಳಿ ಅಕ್ಕಿಯ ರಫ್ತು ನಿಷೇಧ ತೆಗೆದ ಮೇಲೆ ಕೆಲಸ ಮತ್ತೆ ಕುದುರಿದೆ. ಈಗ ಒಬ್ಬ ದೊಡ್ಡ ಗಿರಾಕಿ 14 ಪುಟದ ಕರಾರು ಕಳಿಸಿದ್ದಾರೆ. 'ಸೇವೆ ಕೊಡುವವರ ಯಾವ ಷರತ್ತೂ ಅನ್ವಯಿಸುವುದಿಲ್ಲ' ಅಂತ ಒಂದು ಸಾಲಿದೆ. ಎಲ್ಲ ನಷ್ಟಕ್ಕೂ ನಾವೇ ಹೊಣೆ, ಹಣ 60 ದಿನಕ್ಕೆ. ನಮ್ಮ ಷರತ್ತುಗಳು ಬಿಲ್ಲಿನ ಹಿಂಬದಿ ಅಚ್ಚಾಗಿವೆ, ನಷ್ಟದ ಮಿತಿ ಕೆಜಿಗೆ 2 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಹಣ) ಅಂತ. ಅಷ್ಟು ಸಾಲದಾ? ಕೆಲಸ ಬಿಡೋಕೆ ಮನಸ್ಸಿಲ್ಲ.

ಉತ್ತರ, ಬಳ್ಳಾರಿಯಿಂದ (ಸಾಗಣೆ ಕರಾರುಗಳನ್ನು ನೋಡುವ ವಕೀಲ):
ಸಾಲದು. ಬಿಲ್ಲು ಹೋಗುವುದು ಕೆಲಸ ಮುಗಿದ ಮೇಲೆ. ಷರತ್ತು ಒಪ್ಪಿಗೆಯಾಗಬೇಕಾದದ್ದು ಕೆಲಸ ಶುರುವಾಗುವ ಮೊದಲು. ಇನ್ನೊಂದು ಮಾತು. ನಿಮ್ಮ ಆಫೀಸಿನಿಂದ ಬಿಲ್ಲನ್ನು ಇಮೇಲ್ ಮಾಡುವಾಗ ಎರಡೂ ಬದಿ ಸ್ಕ್ಯಾನ್ ಮಾಡ್ತಾರಾ? ನಾನು ನೋಡಿದ ಫೈಲುಗಳಲ್ಲಿ ಹೆಚ್ಚಿನವು ಮುಂಬದಿ ಮಾತ್ರ. ಹಿಂಬದಿಯ ಆ ಬೂದು ಬಣ್ಣದ ಸಣ್ಣ ಅಕ್ಷರಗಳು ಗಿರಾಕಿಯ ಕಣ್ಣಿಗೆ ಬಿದ್ದೇ ಇರುವುದಿಲ್ಲ. ಇವತ್ತೇ ಕೊಟೇಶನ್ನಿನಲ್ಲಿ ಒಂದು ಸಾಲು ಸೇರಿಸಿ: 'ಈ ದರ ನಮ್ಮ ಷರತ್ತುಗಳಿಗೆ ಒಳಪಟ್ಟಿದೆ, ಪ್ರತಿ ಲಗತ್ತಿಸಿದೆ.' ಪ್ರತಿಯನ್ನು ನಿಜವಾಗಿ ಲಗತ್ತಿಸಿ. ಗಿರಾಕಿ 'ಓಕೆ' ಅಂದ ಮೇಲ್ ಜೋಪಾನ.

ಆದರೆ ಅವರ 14 ಪುಟಕ್ಕೆ ಹಾಗೇ ಸಹಿ ಹಾಕಿದರೆ ಇದೆಲ್ಲ ಆ ಒಂದೇ ಸಾಲಿಗೆ ಬಿದ್ದು ಹೋಗುತ್ತದೆ. ಇಡೀ ಕರಾರು ಬೇಡ ಅಂತ ಜಗಳಕ್ಕೆ ಇಳಿಯಬೇಡಿ. ಒಂದು ಪುಟದ ಅನುಬಂಧ ಕೇಳಿ: ಹೊಣೆಯ ಮಿತಿ, ಪರೋಕ್ಷ ನಷ್ಟ, ಲೀನ್ (ಬಾಕಿ ಬರುವವರೆಗೆ ಸರಕು ಹಿಡಿದಿಟ್ಟುಕೊಳ್ಳುವ ಹಕ್ಕು), ಈ ಮೂರರಲ್ಲಿ ಫಾರ್ವರ್ಡರ್ ಷರತ್ತೇ ಮೇಲು ಅಂತ. ಉಳಿದದ್ದರಲ್ಲಿ ಅವರ ಮಾತು ನಡೆಯಲಿ.

ಈಗ ನಿಮ್ಮ 2 ಎಸ್‌ಡಿಆರ್. 1993ರ ಬಹುವಿಧ ಸಾಗಣೆ (ಲಾರಿ, ಹಡಗು ಹೀಗೆ ಒಂದಕ್ಕಿಂತ ಹೆಚ್ಚು ಬಗೆಯ ಸಾಗಣೆ) ಕಾಯ್ದೆಯಲ್ಲೂ ಮೌಲ್ಯ ಘೋಷಿಸದ ಸರಕಿಗೆ, ಸಮುದ್ರ ಸಾಗಣೆ ಸೇರಿದ್ದರೆ, ಕೆಜಿಗೆ 2 ಅಥವಾ ಪ್ಯಾಕೇಜಿಗೆ 666.67 ಎಸ್‌ಡಿಆರ್, ಯಾವುದು ಜಾಸ್ತಿಯೋ ಅದು. ಒಂದು ಎಸ್‌ಡಿಆರ್ ನೂರು ರೂಪಾಯಿ ದಾಟುತ್ತದೆ. ಅಂದರೆ ನಿಮ್ಮ ಮಿತಿ ಕೆಜಿಗೆ ಇನ್ನೂರಕ್ಕೂ ಮೇಲೆ. ಅಕ್ಕಿಯ ಬೆಲೆಯೇ ಅಷ್ಟಿಲ್ಲ ಅಲ್ವಾ? ಹಾಗಾಗಿ ಮೂಟೆ ನೆನೆದರೆ ನೀವು ಮುಳುಗುವುದಿಲ್ಲ. ಮುಳುಗಿಸುವುದು ಪರೋಕ್ಷ ನಷ್ಟ. ಹಡಗು ತಪ್ಪಿತು, ಖರೀದಿದಾರ ದಂಡ ಹಾಕಿದ, ಆರ್ಡರ್ ಕೈಬಿಟ್ಟ, ಎಲ್ಲ ನಿಮ್ಮ ತಲೆಗೆ. ಅಕ್ಕಿಯವರು ಆ ಕಲಮಿಗೇ ಪಟ್ಟು ಹಿಡಿಯಬೇಕು. ನಮ್ಮ ಬಳ್ಳಾರಿಯ ಜೀನ್ಸ್ ಕಳಿಸುವವರಿಗಾದರೆ, ಕೆಜಿಗೆ ಬೆಲೆ ಜಾಸ್ತಿ ಇರುವುದರಿಂದ, ಕೆಜಿ ಮಿತಿಯೇ ಜೀವ.

ಜಾಸ್ತಿ ಹೊಣೆ ಬೇಕೇ ಬೇಕು ಅಂದರೆ ಸರಕಿನ ಮೌಲ್ಯ ಬರೆದು ಕೊಡಲಿ, ಅದಕ್ಕೆ ಹೆಚ್ಚಿನ ದರ ಕೊಡಲಿ. ಸಹಿಗೆ ಮೊದಲು ನಿಮ್ಮ ಹೊಣೆಗಾರಿಕೆ ವಿಮೆಯವರಿಗೂ ಕರಾರು ತೋರಿಸಿ. ನಿಮ್ಮ ಷರತ್ತುಗಳನ್ನು ನಂಬಿ ಪಾಲಿಸಿ ಕೊಟ್ಟವರು, ನೀವು ಅದನ್ನು ಬಿಟ್ಟುಕೊಟ್ಟ ಮೇಲೆ ಕ್ಲೇಮು ತಳ್ಳಿಹಾಕಬಹುದು. ಗಿರಾಕಿಗೆ ಪರಿಹಾರ ಕೊಟ್ಟ ಸರಕು ವಿಮೆಯವರು ಆ ಹಣವನ್ನು ವಸೂಲಿ ಮಾಡಲು ನಿಮ್ಮ ಬಳಿಗೇ ಬರುತ್ತಾರೆ ಅನ್ನುವುದೂ ನೆನಪಿರಲಿ.

ಪ್ರಶ್ನೆ, ರಾಯಚೂರಿನಿಂದ:
ಲೀನ್ ಬರೆಯಲೇಬೇಕಾ? ಸರಕು ನಮ್ಮ ಗೋದಾಮಿನಲ್ಲೇ ಇರುತ್ತದಲ್ಲ.

ಉತ್ತರ:
ಬರೆಯಲೇಬೇಕು. 1872ರ ಕರಾರು ಕಾಯ್ದೆಯ 171ನೇ ಕಲಂ ಹಳೆ ಬಾಕಿಗೆ ಸರಕು ಹಿಡಿಯುವ ಹಕ್ಕನ್ನು ಬ್ಯಾಂಕಿನವರು, ಫ್ಯಾಕ್ಟರ್‌ಗಳು (ಬೇರೆಯವರ ಸರಕು ಇಟ್ಟುಕೊಂಡು ಮಾರಿಕೊಡುವ ದಲ್ಲಾಳಿಗಳು), ಧಕ್ಕೆಯವರು, ಹೈಕೋರ್ಟ್ ಅಟಾರ್ನಿಗಳು, ವಿಮಾ ಪಾಲಿಸಿ ಬ್ರೋಕರ್‌ಗಳಿಗೆ ಕೊಟ್ಟಿದೆ. ಉಳಿದವರಿಗೆ ಸ್ಪಷ್ಟ ಕರಾರು ಬೇಕು. ನಿಮ್ಮೂರಿನದೇ ಒಂದು ಕೇಸು ನನ್ನ ಬಳಿ ಬಂದಿತ್ತು. ಹಿಂದಿನ ಮೂರು ಬಿಲ್ಲು ಬಾಕಿ ಅಂತ ಫಾರ್ವರ್ಡರ್ ಹೊಸ ಹತ್ತಿ ಬೇಲುಗಳನ್ನು ತಡೆದರು. ಕಾಗದದಲ್ಲಿ ಲೀನ್ ಇರಲಿಲ್ಲ. ಬೇಲು ಬಿಡಬೇಕಾಯಿತು, ಮೇಲೆ ತಡವಾದ ನಷ್ಟದ ನೋಟಿಸು ಬೇರೆ. ಪಾಪ, ಆ ಮನುಷ್ಯನ ತಪ್ಪು ಒಂದು ಸಾಲು ಬರೆಯದೇ ಇದ್ದದ್ದು ಅಷ್ಟೇ. ನನಗೆ ಈಗಲೂ ಬೇಜಾರಾಗುತ್ತದೆ.

ಪ್ರಶ್ನೆ, ಸಿಂಧನೂರಿನಿಂದ:
ನಮ್ಮದು ಬರೀ ಲಾರಿ, ಕಾಕಿನಾಡಕ್ಕೆ.

ಉತ್ತರ:
ನಿಮಗೆ 2007ರ ರಸ್ತೆ ಸಾಗಣೆ ಕಾಯ್ದೆ. ಹೆಚ್ಚಿನ ದರ ಪಡೆಯದಿದ್ದರೆ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ಗಿರಾಕಿಯ ಕರಾರಿನಲ್ಲಿ 'ಪೂರ್ತಿ ಮೌಲ್ಯ' ಅಂತಿದ್ದರೆ ಸುಮ್ನೆ ಸಹಿ ಹಾಕಬೇಡಿ.

ಪ್ರಶ್ನೆ, ಗಂಗಾವತಿಯಿಂದ:
ಮಾತಾಡಿದೆ ಸರ್. ಮಿತಿ, ಪರೋಕ್ಷ ನಷ್ಟ ಒಪ್ಪಿದರು. ಲೀನ್ ಮಾತ್ರ ಆಗಲ್ಲ ಅಂತಾರೆ.

ಉತ್ತರ:
ಎರಡು ಸಿಕ್ಕಿದ್ದು ಒಳ್ಳೆಯದೇ ಆಯಿತು. ಹಾಗಾದರೆ ಹಣಕ್ಕೆ 60 ದಿನದ ಗಡುವು ಒಪ್ಪಬೇಡಿ. ಹಡಗಿನ ಬಾಡಿಗೆ ನೀವು ಕೈಯಿಂದ ಕಟ್ಟುವ ಹಣ, ಅದನ್ನು ಬಿಲ್ ಆಫ್ ಲೇಡಿಂಗ್ (ಸರಕು ಬಿಡಿಸಿಕೊಳ್ಳಲು ಬೇಕಾದ ಹಡಗಿನ ರಸೀದಿ) ಕೊಡುವ ಮೊದಲೇ ಕೇಳಿ. ನಿಮ್ಮ ಸೇವೆಯ ಶುಲ್ಕಕ್ಕೆ 15 ದಿನ ಕೊಡಿ. ಅನುಬಂಧದ ಕರಡು ಬಂದ ಮೇಲೆ ಸಹಿಗೆ ಮೊದಲು ಇಲ್ಲೇ ಹಾಕಿ, ಗಿರಾಕಿಯ ಹೆಸರು ಅಳಿಸಿ. ಓದಿ ಹೇಳುತ್ತೇನೆ.